ಅಪ್ಪನ ಸೂಜಿ, ಅಂಚೆಯವರ ಅಂಗಿ

ಕಳೆದ ಆಷಾಢದಲ್ಲಿ ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದೆ. ಗಾಳಿ ಧೂಳೆಬ್ಬಿಸಿಕೊಂಡು ಬಂತು, ಅದರ ಹಿಂದೆಯೇ ನಾಲ್ಕು ಹನಿ ಮಳೆ. ಪಕ್ಕದ ರಸ್ತೆಗೆ ಓಡಿ ಒಂದು ಕೊಬ್ಬರಿ ಮಂಡಿಯ ಸೂರಿನಡಿ ನಿಂತೆ. ಒಳಗೆ ಯಾರೋ ಚೀಲದ ಬಾಯಿ ಹೊಲಿಯುತ್ತಿದ್ದರು. ಒದ್ದೆ ಗೋಣಿಯ ವಾಸನೆ, ಅದರ ಒಳಗಿನಿಂದ ಕೊಬ್ಬರಿಯ ಜಿಡ್ಡಿನ ವಾಸನೆ. ಬಸ್ಸು ಬಂದು ನಿಂತದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನಾನು ನನ್ನ ಮದುವೆಯ ವರ್ಷದಲ್ಲಿದ್ದೆ.

ಅದು ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಡೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮುಂದೆ ಮಂಡಿ, ಹಿಂದೆ ಮನೆ. ಯಗಟಿ, ಪಂಚನಹಳ್ಳಿ ಕಡೆಯ ರೈತರು ಗಾಡಿಯಲ್ಲಿ ತೆಂಗಿನಕಾಯಿ ತಂದು ಸುರಿಯುತ್ತಿದ್ದರು. ಕಾಯಿ ನಮ್ಮ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗುಡುಗುಡು ಎನ್ನಬೇಕು. ಆ ಸದ್ದು ಕೇಳಿ ಯಾವ ಕಾಯಿ ಒಡೆಯಬಹುದು, ಯಾವುದು ಇನ್ನೂ ಕೂರಬೇಕು ಎಂದು ಹೇಳುವುದು ನನ್ನ ಕೆಲಸ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಒಬ್ಬಳೇ ಮಗಳು. ಕಾಯಿಯ ವಿಷಯದಲ್ಲಿ ನನ್ನ ಕಿವಿ ತಪ್ಪಿದ್ದಿಲ್ಲ. ಆದರೆ ಸೂಜಿ ಹಿಡಿದರೆ ಕೈ ಮರಗಟ್ಟುತ್ತಿತ್ತು. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಿಗೆ ಕೊಟ್ಟ ಕಸೂತಿ ಕರವಸ್ತ್ರವನ್ನೂ ನಾನು ಹಾಕಿದ್ದಲ್ಲ. ಹಾಕಿದ್ದು ಅಪ್ಪ.

ನಮ್ಮ ಅಪ್ಪ ಚನ್ನಬಸಪ್ಪ, ಪೇಟೆಯವರಿಗೆ ಸಾವ್ಕಾರ್ರು. ಹಣೆ ತುಂಬ ವಿಭೂತಿ, ದಪ್ಪ ಮೀಸೆ, ಒಂದು ಕೈಯಲ್ಲಿ ಚೀಲ ಎತ್ತಿ ತಕ್ಕಡಿಗೆ ಹಾಕುವ ತೋಳು. ಆ ತೋಳಿನ ತುದಿಯ ಬೆರಳುಗಳು ಗೊಂಬೆ ಮಾಡುತ್ತಿದ್ದವು ಎಂದರೆ ಯಾರೂ ನಂಬುತ್ತಿರಲಿಲ್ಲ. ನಂಬಿಸುವ ಪ್ರಯತ್ನವನ್ನೂ ನಾವು ಮಾಡಲಿಲ್ಲ, ಯಾಕೆಂದರೆ ಅದು ಮನೆಯ ಗುಟ್ಟು.

ಶುರುವಾದದ್ದು ನನ್ನಿಂದಲೇ. ಹತ್ತು ವರ್ಷದವಳಿದ್ದಾಗ ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡೆ. ಕಾಲಿಗೆ ಪಟ್ಟು ಕಟ್ಟಿ ಮಲಗಿಸಿದ್ದರು. ಮಧ್ಯಾಹ್ನ ಮಂಡಿಗೆ ಜನ ಇಲ್ಲದ ಹೊತ್ತಿನಲ್ಲಿ ಅಪ್ಪ ಪಕ್ಕಕ್ಕೆ ಬಂದು ಕೂರುತ್ತಿದ್ದರು. ಏನು ಮಾತಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅವ್ವನ ಹಳೆ ಸೀರೆಯ ತುಂಡು, ಒಂದು ಹಿಡಿ ಅರಳೆ, ಸೂಜಿ ದಾರ ತಂದುಕೊಂಡು ಕೂತರು. ಸಂಜೆಗೆ ನನ್ನ ಹಾಸಿಗೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಗೇಣುದ್ದದ ಮುದುಕಿ, ಬೆನ್ನು ಬಾಗಿದೆ, ಕಂಕುಳಲ್ಲಿ ಎಲೆ ಅಡಿಕೆ ಚೀಲ. ಯಗಟಿಯ ನಮ್ಮ ಅಜ್ಜಿ. ನಾನು ಅಜ್ಜಿ ಎಂದು ಕೂಗಿದ್ದಕ್ಕೆ ಅಪ್ಪನ ಕಣ್ಣಲ್ಲಿ ನೀರು ಬಂದದ್ದು ನೆನಪಿದೆ.

ಕಾಲು ಕೂಡಿತು, ಗೊಂಬೆ ನಿಲ್ಲಲಿಲ್ಲ. ಮಂಡಿಗೆ ಬರುವವರೆಲ್ಲ ಒಬ್ಬೊಬ್ಬರಾಗಿ ಗೋಡೆಯ ಗಾಜಿನ ಬೀರು ಸೇರಿದರು. ಕಂಬಳಿ ಹೊದ್ದ ಕುರಿಯವನು, ಟಿಕೆಟ್ಟಿನ ಪೆಟ್ಟಿಗೆ ಹಿಡಿದ ಕಂಡಕ್ಟರ್, ಮೊರ ಹಿಡಿದ ಹೆಂಗಸು, ಕರೀ ಕೋಟಿನ ಅಮಲ್ದಾರ್. ಭಾನುವಾರ ಮನೆಯ ಒಳಂಕಣದಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ತರೀಕೆರೆಯ ಪರಿಚಯದವರೊಬ್ಬರು ಅಡಿಕೆ ಬೇಯಿಸಿದ ಕೆಂಪು ನೀರು, ಚೊಗರನ್ನು, ಸೀಸೆಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅವ್ವ ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ ನೆರಳಲ್ಲಿ ಹರವಿದರೆ ನಮ್ಮ ನಿಮ್ಮ ಮೈಬಣ್ಣವೇ ಬರುತ್ತಿತ್ತು. ನಾನು ಅರಳೆ ಹಿಂಜುತ್ತಿದ್ದೆ, ತಲೆಗೂದಲಿಗೆ ತೆಂಗಿನ ನಾರು ಬಿಡಿಸುತ್ತಿದ್ದೆ. ಅಪ್ಪ ಮೊದಲು ಕೈಗಳನ್ನು ಮಾಡುತ್ತಿದ್ದರು. ಮುಖ ಕೊನೆಗೆ. "ಕೈ ಏನ್ ಹಿಡ್ಕಂಡಿದೆ ಅಂತ ಗೊತ್ತಾದ್ರೆ ಮುಖ ತಾನೇ ಬತ್ತದೆ ಕಣೇ" ಅನ್ನುತ್ತಿದ್ದರು.

ಹೊರಗೆ ಹೇಳಬಾರದೆಂಬುದು ಅವ್ವನ ಕಟ್ಟಳೆ. ಅದಕ್ಕೆ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಅಪ್ಪ ಯಗಟಿಯಲ್ಲಿ ಅಜ್ಜಿಯ ಜೊತೆ ಕೂತು ಕೌದಿ ಹೊಲಿಯುತ್ತಿದ್ದರಂತೆ. ಒಂದು ದಿನ ಅವ್ವನ ತವರಿನವರು ಬಂದಿದ್ದಾಗ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಎಲ್ಲರೆದುರು, "ನಮ್ಮನೆಗೆ ಒಂದೇ ಹೆಣ್ಣು ಕೊಟ್ಟೀವಿ ಅಂದ್ಕಂಡಿದೀರಾ, ಇನ್ನೊಂದು ಅಲ್ಲಿ ಕೂತದೆ ನೋಡಿ" ಎಂದು ನಕ್ಕರಂತೆ. ಎಲ್ಲರೂ ನಕ್ಕರು. ಅಪ್ಪ ಸೂಜಿಯನ್ನು ಅಲ್ಲೇ ಕೌದಿಗೆ ಚುಚ್ಚಿ ಎದ್ದು ಬಂದವರು, ನನ್ನ ಕಾಲು ಮುರಿಯುವ ತನಕ ಗೋಣಿ ಹೊಲಿಯುವ ದಬ್ಬಣ ಬಿಟ್ಟು ಬೇರೆ ಸೂಜಿ ಮುಟ್ಟಿರಲಿಲ್ಲ. ಇನ್ನೊಂದು ಸಲ ಯಾರೂ ಅವರನ್ನು ನೋಡಿ ನಗಬಾರದು ಎಂದು ಅವ್ವ ತೀರ್ಮಾನ ಮಾಡಿಕೊಂಡಿದ್ದಳು.

ಆ ವರ್ಷ ಆಷಾಢ ಹುಟ್ಟುವ ಮುಂಚೆ ಅಜ್ಜಂಪುರದಿಂದ ನನ್ನನ್ನು ನೋಡಲು ಬಂದರು. ಹುಡುಗ ಶಿವಮೂರ್ತಿ, ಹೈಸ್ಕೂಲು ಮೇಷ್ಟ್ರು. ಜೊತೆಗೆ ಅವರ ತಾಯಿ ಹಾಲಮ್ಮ. ತಂದೆ ಅಂಚೆಯವರಾಗಿದ್ದರು, ತೀರಿಕೊಂಡು ಎರಡು ವರ್ಷವಾಗಿತ್ತು. ಹಾಲಮ್ಮ ತೆಳ್ಳಗೆ, ನೆಟ್ಟಗೆ ಇದ್ದರು. ಒಂದು ಮಾತು ಆಡುವ ಮುಂಚೆ ಅದನ್ನು ತೂಗಿ ನೋಡುವವರ ಹಾಗೆ ತುಸು ಹೊತ್ತು ಸುಮ್ಮನಿರುತ್ತಿದ್ದರು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಗಾಜಿನ ಬೀರುವಿನ ಮುಂದೆ ಹೋಗಿ ನಿಂತರು.

"ಯಾರು ಮಾಡಿದ್ದು ಇವನ್ನೆಲ್ಲಾ?"

ಅಪ್ಪ ಬಾಯಿ ತೆರೆದರೋ ಇಲ್ಲವೋ, ಅವ್ವ ಅಡಿಗೆಮನೆ ಬಾಗಿಲಿನಿಂದಲೇ ಹೇಳಿದಳು. "ನಮ್ಮ ರತ್ನಾನೇ ಕಣ್ರೀ. ಕೂತ್ರೆ ಏಳಲ್ಲ, ಅಷ್ಟು ಹುಚ್ಚು."

ಅಪ್ಪ ನೆಲ ನೋಡಿದರು. ನಾನೂ ನೆಲ ನೋಡಿದೆ. ಹೆಣ್ಣು ನೋಡಲು ಬಂದವರ ಮುಂದೆ ನೆಲ ನೋಡುವ ಹುಡುಗಿಯನ್ನು ಯಾರೂ ಅನುಮಾನಿಸುವುದಿಲ್ಲ. ಹಾಲಮ್ಮ ಅಜ್ಜಿಯ ಗೊಂಬೆಯನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ಹೊರಡುವಾಗ ಜಗಲಿಯಲ್ಲಿ ಶಿವಮೂರ್ತಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಗೊಂಬೆ ಮಾಡೋವಾಗ ಮೊದಲು ಏನ್ ಮಾಡ್ತೀರಿ? ಮುಖಾನಾ?"

"ಕೈ," ಎಂದೆ.

"ಹೌದಾ," ಎಂದು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. ಆ ನೋಟ ನನಗೆ ಹಿಡಿಸಿಬಿಟ್ಟಿತು. ಹಿಡಿಸಿದ್ದಕ್ಕೇ ಕಷ್ಟವಾಯಿತು. ಅವರಿಗೆ ನಾನು ಹೇಳಿದ ಒಂದೇ ಒಂದು ಮಾತು, ಅದೂ ನನ್ನದಲ್ಲ.

ಒಪ್ಪಿಗೆಯೆಂದು ಕಾಗದ ಬಂತು. ಕೆಳಗೆ ಇನ್ನೂ ನಾಲ್ಕು ಸಾಲು. ಹಾಲಮ್ಮನವರು ಹೇಳಿ ಮಗನ ಕೈಲಿ ಬರೆಸಿದ್ದು. ತರೀಕೆರೆಗೆ ಕೊಟ್ಟ ದೊಡ್ಡ ಮಗಳಿಗೆ ಗಂಡುಮಗುವಾಗಿದೆ, ತಾತನನ್ನು ಅದು ಕಂಡಿಲ್ಲ. ಮನೆಯಲ್ಲಿ ಅವರದೊಂದು ಸರಿಯಾದ ಫೋಟೋ ಇಲ್ಲ. ಕಚೇರಿಯವರ ಜೊತೆ ತೆಗೆಸಿದ್ದೊಂದಿದೆ, ಅದರಲ್ಲಿ ಮುಖ ಹುಣಸೆ ಬೀಜದಷ್ಟು. ರತ್ನ ಅವರದೊಂದು ಗೊಂಬೆ ಮಾಡಿಕೊಡಬೇಕು. ಹೇಗಿದ್ದರು ಅಂತ ಹೇಳುವುದಕ್ಕೆ ಶ್ರಾವಣದಲ್ಲಿ ನಾನೇ ಬಂದು ಪಕ್ಕದಲ್ಲಿ ಕೂರುತ್ತೇನೆ. ಅವರ ಅಂಗಿಯನ್ನೂ ತರುತ್ತೇನೆ.

ಅವ್ವ ಕಾಗದ ಕೇಳಿ ಗೋಡೆಗೆ ಒರಗಿ ಕೂತಳು.

"ಕೈ ಸುಟ್ಕಂಡಿದಾಳೆ ಅನ್ನಣ," ಎಂದಳು.

"ಎಷ್ಟು ದಿನ ಸುಟ್ಕಳ್ಳಲಿ ಅವ್ವಾ? ಮದುವೆ ಆದ್ಮೇಲೂನಾ?"

ಅಪ್ಪ ಒಳಗೆ ಹೋಗಿ ಸೂಜಿ ಡಬ್ಬಿ ತಂದು ನನ್ನ ಮುಂದಿಟ್ಟರು. ಹಾಗೆ ಆಷಾಢ ಪೂರ್ತಿ ನನಗೆ ಪಾಠ ನಡೆಯಿತು.

ಕಡೂರಿನ ಆಷಾಢವೆಂದರೆ ಮಳೆಗಿಂತ ಗಾಳಿ. ಪಶ್ಚಿಮದ ಬೆಟ್ಟಗಳ ಆಚೆ ಸುರಿಸಿ ಬರಿಗೈಯಲ್ಲಿ ಬರುವ ಮೋಡಗಳು, ಅವನ್ನು ಅಟ್ಟಿಸಿಕೊಂಡು ಬರುವ ಗಾಳಿ. ಹೆಂಚು ಕಟಕಟ ಎನ್ನುತ್ತಿತ್ತು, ಹಿಂಜಿದ ಅರಳೆ ಮನೆ ತುಂಬ ಹಾರಾಡುತ್ತಿತ್ತು. ನಾನು ಹೊಲಿದ ಮೊದಲ ಗೊಂಬೆ ಬದನೆಕಾಯಿಯ ಹಾಗಿತ್ತು. ಎರಡನೆಯದರ ಕತ್ತು ನಿಲ್ಲಲಿಲ್ಲ. ಮೂರನೆಯದರ ಎರಡು ಕೈಯೂ ಎಡಗೈ ಆದವು. ಅಪ್ಪ ಅದನ್ನು ಹಿಡಿದು ನಗಬಾರದೆಂದು ತುಂಬ ಕಷ್ಟಪಟ್ಟರು. ಕೊನೆಗೆ ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅವ್ವ ಮಾತ್ರ ನಗಲಿಲ್ಲ. ಬೆರಳಿಗೆ ಸೂಜಿ ಚುಚ್ಚಿಕೊಂಡಾಗಲೆಲ್ಲ ಅರಿಶಿನ ತಂದು ಒತ್ತುತ್ತಿದ್ದಳು.

ಒಂದು ದಿನ ರೇಗಿತು. "ಸುಳ್ಳು ಹೇಳಿದ್ದು ನೀನು, ಚುಚ್ಚಿಸ್ಕೊಳೋದು ನಾನು," ಎಂದೆ ಅವ್ವನಿಗೆ.

"ನಿನಗೋಸ್ಕರ ಹೇಳ್ದೆ ಅಂದ್ಕಂಡಿದೀಯಾ," ಎಂದಳು ಅವ್ವ ಮೆಲ್ಲಗೆ. "ಬೀಗ್ರು ಅಂದ್ರೆ ನನಗೆ ಆವತ್ತಿನ ನಗೂನೇ ಕೇಳ್ಸುತ್ತೆ ಕಣೇ." ಅಪ್ಪ ಆ ಕಡೆ ತಿರುಗಿ ಕೂತು ದಾರಕ್ಕೆ ಮೇಣ ಉಜ್ಜುತ್ತಿದ್ದರು. ಯಗಟಿಯ ಆ ಕಥೆ ನನಗೆ ಪೂರ್ತಿ ಗೊತ್ತಾದದ್ದು ಆವತ್ತೇ.

ಶ್ರಾವಣದ ಎರಡನೇ ವಾರ ಹಾಲಮ್ಮ ಬಂದರು. ಒಬ್ಬರೇ, ಅಜ್ಜಂಪುರದಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ ಬೀರೂರಿನಲ್ಲಿ ಗಾಡಿ ಬದಲಾಯಿಸಿ. ಒಂದು ಬಟ್ಟೆಯ ಚೀಲದಿಂದ ಮಡಿಸಿದ ಖಾಕಿ ಅಂಗಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಒಳಂಕಣದಲ್ಲಿ ಚಾಪೆ ಹಾಕಿ ನಾನು ಸೂಜಿ ಹಿಡಿದು ಕೂತೆ. ಅಪ್ಪ ಮಂಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಚೀಲ ಹೊಲಿಯುವ ನೆವದಲ್ಲಿ ಕೂತರು. ಅವ್ವ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದನ್ನೂ ಮಾಡದೆ ನಿಂತಿದ್ದಳು.

ಹಾಲಮ್ಮ ಹೇಳತೊಡಗಿದರು. "ಎತ್ತರ ಇದ್ರು, ಆದ್ರೆ ಎತ್ತರ ಕಾಣ್ತಿರ್ಲಿಲ್ಲ. ದಿನಾ ಸೈಕಲ್ ಮೇಲೆ ಏಳೆಂಟು ಹಳ್ಳಿ. ಚೀಲದ ಭಾರಕ್ಕೆ ಒಂದು ಹೆಗಲು ಇಳಿದೋಗಿತ್ತು. ಚೀಲ ಇಲ್ದಾಗ್ಲೂ ಹಂಗೇ ಇಳಿದೇ ಇರ್ತಿತ್ತು."

"ಯಾವ ಹೆಗಲು ಅಮ್ಮಾ?" ಬಾಗಿಲ ಕಡೆಯಿಂದ ಅಪ್ಪ ಕೇಳಿದರು.

ಹಾಲಮ್ಮ ತಿರುಗಿ ನೋಡಿದರು. ಯೋಚಿಸಿದರು. "ಎದುರಿಗೆ ನಿಂತು ನೋಡ್ದೋಳು ನಾನು. ಎಡಾನೋ ಬಲಾನೋ..." ಎಂದು ತಡವರಿಸಿದರು.

"ನಡೆಯೋವಾಗ ಆ ಕಡೆ ವಾಲೋರಾ, ಇಲ್ಲಾ ಭಾರ ತಡೆಯೋಕೆ ಈ ಕಡೆ ವಾಲೋರಾ?" ಅಪ್ಪ ಮತ್ತೆ ಕೇಳಿದರು. ಕೈಲಿದ್ದ ದಬ್ಬಣ ಕೆಳಗೆ ಬಿದ್ದಿತ್ತು. ಅವರ ಬೆರಳುಗಳು ಗಾಳಿಯಲ್ಲಿ ಆ ಹೆಗಲನ್ನು ಆಗಲೇ ಮಾಡುತ್ತಿದ್ದವು.

ನಾನು ನನ್ನ ಕೈ ನೋಡಿಕೊಂಡೆ. ಹೊಲಿಗೆ ಎಲ್ಲೆಲ್ಲೋ ಹೋಗಿತ್ತು. ಈ ಹೆಂಗಸು ತನ್ನ ಗಂಡನ ಹೆಗಲನ್ನು ನೆನಪು ಮಾಡಿಕೊಳ್ಳುತ್ತಾ ಕೂತಿದ್ದಾಳೆ, ನಾನು ಅವಳ ಮುಂದೆ ನಾಟಕ ಮಾಡುತ್ತಾ ಕೂತಿದ್ದೇನೆ. ಸೂಜಿಯನ್ನು ಚಾಪೆಯ ಮೇಲಿಟ್ಟೆ.

"ಅಮ್ಮಾ, ನನಗೆ ಹೊಲಿಯೋಕೆ ಬರಲ್ಲ. ಅಲ್ಲಿರೋವೆಲ್ಲಾ ಅಪ್ಪ ಮಾಡಿದ್ದು."

ಹಾಲಮ್ಮ ಅಪ್ಪನನ್ನು ನೋಡಿದರು, ಬೀರುವನ್ನು ನೋಡಿದರು, ಕೊನೆಗೆ ನನ್ನನ್ನು.

"ಮತ್ತೆ ನಿನಗೇನು ಬರುತ್ತೆ?"

"ಕಾಯಿ ಅಲ್ಲಾಡ್ಸಿ ಒಣಗಿದ್ಯೋ ಇಲ್ವೋ ಹೇಳ್ತೀನಿ."

ಅವರು ನಗಲಿಲ್ಲ. ಅಂಗಿಯನ್ನು ಮೊದಲಿದ್ದ ಮಡಿಕೆಯ ಮೇಲೇ ಮಡಿಸಿದರು.

"ಹೊಲಿಗೆ ಬರದಿದ್ರೆ ಏನೂ ಆಗ್ತಿರ್ಲಿಲ್ಲ," ಎಂದರು. "ನಮ್ಮನೆಯವ್ರು ಮೂವತ್ತು ವರ್ಷ ಇನ್ನೊಬ್ರ ಕಾಗದ ಹೊತ್ರು. ಒಂದನ್ನೂ ಬಿಚ್ಚಿ ನೋಡ್ಲಿಲ್ಲ, ಒಂದನ್ನೂ ಬೇರೆಯೋರ ಕೈಗೆ ಕೊಡ್ಲಿಲ್ಲ. ಅಂಥೋರ ಅಂಗಿ ಇದು. ಸುಳ್ಳು ಹೇಳಿದ ಮನೇಲಿ ಬಿಟ್ಟೋಗೋಕೆ ನನಗೆ ಮನಸ್ಸಾಗ್ತಿಲ್ಲ."

ಅವ್ವ ಓಡಿ ಬಂದು, ಊಟ ಮಾಡಿಕೊಂಡಾದರೂ ಹೋಗಿ, ತಪ್ಪು ನನ್ನದು, ಮಗಳದಲ್ಲ ಎಂದು ಕೈ ಹಿಡಿದಳು. ಹಾಲಮ್ಮ ಕೈ ಕೊಸರಿಕೊಳ್ಳಲಿಲ್ಲ, ನಿಲ್ಲಲೂ ಇಲ್ಲ. ಮದುವೆ ಮಾತು ಇಲ್ಲಿಗೆ ಬಿಡಿ ಎಂದು ಮಧ್ಯಾಹ್ನದ ಗಾಡಿಗೆ ಹೋದರು.

ಆಮೇಲಿನ ಒಂದು ವಾರ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಅವ್ವ ಗಾಜಿನ ಬೀರುವಿಗೆ ಪರದೆ ಎಳೆದುಬಿಟ್ಟಳು. ಅಪ್ಪ ಭಾನುವಾರವೂ ಮಂಡಿಯಲ್ಲೇ ಕೂತರು. ಅಟ್ಟದ ಮೇಲೆ ಕಾಯಿ ಅಲ್ಲಾಡಿಸುತ್ತಿದ್ದರೆ ನನಗೆ ಸದ್ದೇ ಸರಿಯಾಗಿ ಕೇಳುತ್ತಿರಲಿಲ್ಲ. ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ. ಮೊದಲ ದಿನವೇ ಹೇಳಲಿಲ್ಲವಲ್ಲ ಎಂಬುದೇ ಕೊರೆಯುತ್ತಿತ್ತು. ಶಿವಮೂರ್ತಿ ತಮ್ಮ ಕೈ ತಿರುಗಿಸಿ ನೋಡಿಕೊಂಡದ್ದು ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ಬಿಳಿ ಪಂಚೆ ಉಟ್ಟು ಹೊರಟು ನಿಂತರು.

"ಅಜ್ಜಂಪುರಕ್ಕೆ ಹೋಗ್ಬತ್ತೀನಿ."

"ಏನಂತ ಹೋಗ್ತೀರಿ?" ಅವ್ವ ಕೇಳಿದಳು. "ಮದುವೆ ಮಾತು ಮುಗೀತಲ್ಲ."

"ಆ ಹೆಗಲು ಅರ್ಧಕ್ಕೆ ನಿಂತೋಗಿದೆ ಕಣೇ. ಕಣ್ಣು ಮುಚ್ಚಿದ್ರೆ ಅದೇ ಬತ್ತದೆ."

ನಾನೂ ಬರುತ್ತೇನೆಂದೆ. ಮದುವೆಗೆ ಮುಂಚೆ ಹುಡುಗಿ ಹುಡುಗನ ಮನೆಗೆ ಹೋಗೋದುಂಟಾ ಎಂದಳು ಅವ್ವ. "ಮದುವೆ ಇದ್ರೆ ತಾನೆ ಮುಂಚೆ, ಆಮೇಲೆ," ಎಂದರು ಅಪ್ಪ. ಅವ್ವ ನಿಂತು ಯೋಚಿಸಿದಳು. ಒಳಗೆ ಹೋಗಿ ಸೂಜಿ ಡಬ್ಬಿ, ಚೊಗರಲ್ಲಿ ಅದ್ದಿದ ಬಟ್ಟೆ, ತಂತಿ, ಅರಳೆ ಎಲ್ಲವನ್ನೂ ತಾನೇ ಒಂದು ಚೀಲಕ್ಕೆ ತುಂಬಿದಳು. ಬಾಗಿಲಲ್ಲಿ ಅಪ್ಪನ ಕೈಗೆ ಕೊಡುತ್ತಾ, "ಯಾರಾದ್ರೂ ನಕ್ಕರೆ ಎದ್ದು ಬಂದ್ಬಿಡ್ರಿ," ಎಂದಳು.

ಅಜ್ಜಂಪುರದ ಆ ಬೀದಿಯಲ್ಲಿ ಹಾಲಮ್ಮನವರ ಮನೆ ನಡುವೆ ಇತ್ತು. ಎರಡೂ ಕಡೆ ಜಗಲಿಗಳು, ಜಗಲಿಗಳ ಮೇಲೆ ಜನ. ಮಗ ಸ್ಕೂಲಿಗೆ ಹೋಗಿದ್ದರು. ಹಾಲಮ್ಮ ಬಾಗಿಲು ತೆರೆದು ನಮ್ಮನ್ನು ನೋಡಿ ಹೊಸಿಲ ಮೇಲೇ ನಿಂತರು.

"ಬಾಗ್ಲಿಗೆ ಬಂದ್ರೆ ಮಾತು ಬದಲಾಗಲ್ಲ ಯಜಮಾನ್ರೇ."

"ಮದುವೆ ಮಾತಿಗೆ ಬಂದಿಲ್ಲಮ್ಮಾ," ಎಂದರು ಅಪ್ಪ. "ತಾತ ಹೆಂಗಿದ್ರು ಅಂತ ಮಗು ನೋಡ್ಬೇಕಲ್ಲ. ಇಲ್ಲೇ ಜಗಲಿ ಮೇಲೆ ಕೂತು ಮಾಡ್ತೀನಿ. ಅಂಗಿ ಕೊಡೋಕೆ ಮನಸ್ಸಿಲ್ದಿದ್ರೆ ಕೊಡ್ಬೇಡಿ. ಮಾತು ಹೇಳಿ ಸಾಕು."

ಹಾಲಮ್ಮ ಒಳಗೆ ಹೋದರು. ಬಾಗಿಲು ಮುಚ್ಚಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಜಗಲಿ ಹತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಬೀದಿ ಪೂರ್ತಿ ಕಾಣುವ ಹಾಗೆ ಚೀಲ ಬಿಚ್ಚಿ ಸೂಜಿ ಡಬ್ಬಿ ತೆಗೆದರು. ಯಗಟಿಯ ಆ ನಗುವಿನ ನಂತರ ಬಾಗಿಲು ಹಾಕಿಕೊಂಡೇ ಸೂಜಿ ಹಿಡಿದ ಮನುಷ್ಯ. ದಾರ ಪೋಣಿಸುವಾಗ ಎರಡು ಸಲ ತಪ್ಪಿತು. ನಾನು ಪೋಣಿಸಿಕೊಡಲು ಹೋದೆ, ಬೇಡವೆಂದು ತಲೆಯಾಡಿಸಿದರು. ಮೂರನೇ ಸಲಕ್ಕೆ ಹೋಯಿತು.

ಎದುರು ಜಗಲಿಯ ಮುದುಕರೊಬ್ಬರು ಎದ್ದು ಬಂದರು. "ಏನಪ್ಪಾ, ಏನು ಹೊಲೀತಿದೀಯಾ?"

"ಈ ಮನೆ ಅಂಚೆಯೋರನ್ನ," ಎಂದರು ಅಪ್ಪ ತಲೆಯೆತ್ತದೆ.

ಮುದುಕರು ನಗಲಿಲ್ಲ. ಕೋಲೂರಿ ಪಕ್ಕದಲ್ಲೇ ಕೂತರು. "ಅವ್ನು ನಮ್ಮನೆ ಮುಂದೆ ಬಂದ್ರೆ ಬೆಲ್ ಹೊಡೀತಿರ್ಲಿಲ್ಲ ಕಣಪ್ಪಾ, ಕೆಮ್ತಿದ್ದ," ಎಂದರು. ಇನ್ನೊಬ್ಬರು ಬಂದು ಅವರ ನಡಿಗೆ ಹೇಳಿದರು. ಒಬ್ಬಾಕೆ, ಮಗ ಸೈನ್ಯದಿಂದ ಬರೆದ ಕಾಗದವನ್ನೆಲ್ಲ ಅವರೇ ಓದಿ ಹೇಳುತ್ತಿದ್ದರೆಂದು ಕಣ್ಣೊರೆಸಿಕೊಂಡಳು. ಅಪ್ಪ ಎಲ್ಲರ ಮಾತಿಗೂ ಹೂಂಗುಡುತ್ತಾ ಕೈಗಳನ್ನು ಮಾಡುತ್ತಿದ್ದರು. ಒಳಗೆ ಬಾಗಿಲ ಹಿಂದೆ ಹಾಲಮ್ಮನವರ ಸೀರೆಯ ಅಂಚು ಕಾಣುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಅವರು ಹೊರಗೆ ಬಂದರು. ಕೈಯಲ್ಲಿ ಅಂಗಿಯೂ ಕತ್ತರಿಯೂ ಇದ್ದವು. ಜಗಲಿಯ ಮೇಲೆ ಅಂಗಿಯನ್ನು ಹರವಿದರು. ಅಪ್ಪ ಮುಟ್ಟದೆ ಬಗ್ಗಿ ನೋಡಿದರು. ನೋಡುತ್ತಲೇ ಒಂದು ಜಾಗದ ಮೇಲೆ ಬೆರಳಿಟ್ಟರು. ಎಡ ಹೆಗಲಿನ ಮೇಲೆ ಚೀಲದ ಪಟ್ಟಿ ಉಜ್ಜಿ ಉಜ್ಜಿ ಖಾಕಿ ಸವೆದು ಬೆಳ್ಳಗಾಗಿತ್ತು. ದಾರಗಳು ಎಣಿಸುವಷ್ಟು ಬಿಡಿಬಿಡಿಯಾಗಿದ್ದವು.

"ಎಡ," ಎಂದರು ಅಪ್ಪ.

"ಎಷ್ಟು ಸಲ ಒಗೆದಿದೀನಿ ಇದನ್ನ," ಎಂದರು ಹಾಲಮ್ಮ. "ನೋಡೇ ಇರ್ಲಿಲ್ಲ."

ಕತ್ತರಿಸಲು ಅಪ್ಪನಿಗೆ ಧೈರ್ಯವಾಗಲಿಲ್ಲ. ಹಾಲಮ್ಮನೇ ಕತ್ತರಿ ತಗೊಂಡು ಆ ಹೆಗಲಿನ ತುಂಡನ್ನು ಕತ್ತರಿಸಿ ಅಪ್ಪನ ಕೈಗಿಟ್ಟರು. ಆಮೇಲೆ ಅವರ ಪಕ್ಕದಲ್ಲಿ ಕೂತು ಹೇಳುತ್ತಾ ಹೋದರು, ಅಪ್ಪ ಕೇಳುತ್ತಾ ಹೋದರು. ಮೂಗು ಹೇಗಿತ್ತು, ನಗುವಾಗ ಏನು ಮಾಡುತ್ತಿದ್ದರು. "ಮುಂದಿನ ಹಲ್ಲು ಎರಡು ಹೋಗಿದ್ವು. ನಗೋವಾಗ ಬಾಯಿಗೆ ಕೈ ಅಡ್ಡ ಇಡೋರು." ಅಪ್ಪ ಆಗಲೇ ಕೂರಿಸಿದ್ದ ಬಲಗೈಯನ್ನು ಬಿಚ್ಚಿದರು. ತಂತಿ ಬಗ್ಗಿಸಿ ಮತ್ತೆ ಹೊಲಿದರು. "ಹೆಗಲು ಇನ್ನೊಂಚೂರು ಇಳೀಬೇಕು," ಎಂದರು ಹಾಲಮ್ಮ. ಅದನ್ನೂ ಬಿಚ್ಚಿ ಹೊಲಿದರು. ನಾನು ಅರಳೆ ಹಿಂಜಿಕೊಡುತ್ತಾ ಕೂತಿದ್ದೆ. ಊಟದ ನೆನಪು ಯಾರಿಗೂ ಆಗಲಿಲ್ಲ.

ಸ್ಕೂಲು ಬಿಟ್ಟು ಶಿವಮೂರ್ತಿ ಬಂದಾಗ ಜಗಲಿಯ ಸುತ್ತ ಜನ. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ತೂರಿ ಬಂದರು. ಅವರ ತಾಯಿಯ ಅಂಗೈ ಮೇಲೆ ಅವರ ತಂದೆ ನಿಂತಿದ್ದರು, ಎಡ ಹೆಗಲು ಇಳಿಸಿ, ಹೆಗಲಿಗೆ ಪುಟ್ಟ ಚೀಲ ಹಾಕಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಮೇಷ್ಟ್ರ ಮುಖ ಒಂದು ಥರ ಆಯಿತು. ನಗುವೋ ಅಳುವೋ ಬಂತು, ತಕ್ಷಣ ಅವರ ಬಲಗೈ ಬಾಯಿಗೆ ಅಡ್ಡ ಹೋಯಿತು. ಅದನ್ನು ನೋಡಿ ಹಾಲಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡರು. ಎರಡು ವರ್ಷದಲ್ಲಿ ಅವರು ಅತ್ತದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು.

ಹೊರಡುವ ಮುಂಚೆ ನಾನು ಶಿವಮೂರ್ತಿಯವರ ಹತ್ತಿರ ಹೋಗಿ ಹೇಳಿದೆ. "ಆವತ್ತು ಕೈ ಅಂದ್ನಲ್ಲ, ಅದು ಅಪ್ಪ ಮಾಡೋದು. ನಾನು ನೋಡಿದೀನಿ ಅಷ್ಟೆ."

"ಸರಿಯಾಗೇ ನೋಡಿದೀರಲ್ಲ," ಎಂದರು.

ಸ್ಟೇಷನ್ನಿನ ತನಕ ಹಾಲಮ್ಮ ನಮ್ಮ ಜೊತೆ ನಡೆದು ಬಂದರು. ಮದುವೆಯ ಬಗ್ಗೆ ಅಪ್ಪ ಕೇಳಲಿಲ್ಲ. ಗಾಡಿ ಬಂದು ನಿಂತು, ನಾವು ಹತ್ತಿ ಕೂತ ಮೇಲೆ, ಅವರು ಕಿಟಕಿಯ ಸರಳು ಹಿಡಿದು, "ಕಾರ್ತಿಕದಲ್ಲಿ ದಿನ ನೋಡ್ಸಿ ಬೀಗ್ರೇ," ಎಂದರು. "ನಿಮ್ಮನೆಯೋರಿಗೆ ಹೇಳಿ, ನನಗೇನೂ ಸಿಟ್ಟಿಲ್ಲ ಅಂತ. ಇದೆ. ಹೋಗುತ್ತೆ."

ಕಾರ್ತಿಕದಲ್ಲಿ ಮದುವೆಯಾಯಿತು. ಸಿಟ್ಟು ಹೋಗಲು ಸಂಕ್ರಾಂತಿಯ ತನಕ ಹಿಡಿಯಿತು. ಅಜ್ಜಂಪುರದಲ್ಲಿ ನನ್ನ ರವಿಕೆಗೆ ಬಿದ್ದುಹೋದ ಹುಕ್ಕನ್ನು ಅತ್ತೆಯೇ ಹಾಕಿಕೊಡುತ್ತಿದ್ದರು. ಹಾಕುವಾಗಲೆಲ್ಲ ನನ್ನ ಕಡೆ ಒಂದು ಸಲ ನೋಡುತ್ತಿದ್ದರು. ಸಂತೆಯಿಂದ ತಂದ ಕಾಯಿಗಳನ್ನು ಮಾತ್ರ ಒಂದೊಂದಾಗಿ ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನಾನು ಹೂಂ ಅಂದ ಮೇಲೆಯೇ ಒಡೆಯುತ್ತಿದ್ದರು.

ಮರುವರ್ಷ ಮೊದಲ ಆಷಾಢಕ್ಕೆ ನಾನು ತವರಿಗೆ ಬಂದಿದ್ದೆ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಒಂದು ಮಧ್ಯಾಹ್ನ ಗಾಳಿ ಬೀಸುತ್ತಿತ್ತು. ಅಪ್ಪ ಮಂಡಿಯ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬೆಳಕಿಗೆ ಸರಿಯಾಗಿ ಚಾಪೆ ಹಾಕಿಕೊಂಡು, ಬಂದ ರೈತರ ಜೊತೆ ಮಾತಾಡುತ್ತಲೇ ಒಂದು ಕುರಿಮರಿ ಹೊಲಿಯುತ್ತಿದ್ದರು. ರಸ್ತೆಯ ಕಡೆಯಿಂದ ಹಾಲಮ್ಮ ಬರುವುದು ಕಂಡು ಅವ್ವನಿಗೆ ಗಾಬರಿಯಾಯಿತು.

"ಆಷಾಢ ಕಣ್ರೀ," ಎಂದಳು ಬಾಗಿಲಲ್ಲೇ ತಡೆದು. "ರತ್ನ ಒಳಗಿದಾಳೆ."

"ಒಳಗೇ ಇರ್ಲಿ ಬಿಡಿ, ಅವ್ಳನ್ನ ನೋಡೋಕೆ ಬಂದಿಲ್ಲ," ಎಂದರು ನಮ್ಮ ಅತ್ತೆ. ಹೊಸಿಲು ದಾಟದೆ ಹೊರಗಿನ ಜಗಲಿಯ ಮೇಲೆ ಕೂತು, ತಂದಿದ್ದ ಗಂಟನ್ನು ಮಡಿಲಿಗಿಟ್ಟುಕೊಂಡರು. ಅಡಿಗೆಮನೆಯ ಬಾಗಿಲ ಸಂದಿಯಿಂದ ನನಗೆ ಕಂಡದ್ದು ಒಂದು ಹಳೆಯ ಹಸಿರು ಸೀರೆಯ ಅಂಚು, ನೂರು ಸಲ ಒಗೆದು ಬಣ್ಣ ಬಿಟ್ಟದ್ದು.

"ಬೀಗ್ರೇ," ಎಂದರು, "ಈ ಸಲ ನಮ್ಮವ್ವನ್ನ ತಂದಿದೀನಿ."

ಅಪ್ಪ ಕುರಿಮರಿಯನ್ನು ಪಕ್ಕಕ್ಕಿಟ್ಟರು. ಚಾಪೆಯನ್ನು ಎಳೆದುಕೊಂಡು ಹೋಗಿ ಜಗಲಿಯ ಮೇಲೆ ಅವರೆದುರಿಗೆ ಹಾಸಿ ಕೂತರು.

"ಕೈಯಲ್ಲಿ ಏನ್ ಹಿಡ್ಕಂಡಿರೋರು, ಹೇಳಿ," ಎಂದರು.